ಸ್ವಿಸ್ ವಾಚೂ ಅರವತ್ತರ ಮುಹೂರ್ತವೂ

ತುಮಕೂರಿನ ಜಯರಾಮಯ್ಯನವರು ವಾಚ್ ಫ್ಯಾಕ್ಟರಿಯಲ್ಲಿ ಹದಿನಾರು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಇದು ನೂರಕ್ಕೆ ನೂರು ನಿಜ. ಸೇವೆ ಸಲ್ಲಿಸಿದ್ದು ಅಲ್ಲಿನ ಕ್ಯಾಂಟೀನಿನ ಸ್ಟೋರ್ಸಿನಲ್ಲಿ, ಅವರ ಕೈಮೇಲೆ ಹಾದುಹೋದದ್ದೆಲ್ಲ ತೊಗರಿಬೇಳೆ, ಹುಣಿಸೆಹಣ್ಣು, ಕೊತ್ತಂಬರಿ ಸೊಪ್ಪು ಎಂಬುದೂ ಅಷ್ಟೇ ನಿಜ. ಆದರೆ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಹರಡಿಕೊಂಡಿದ್ದ ಬಂಧುಬಳಗ ಮೊದಲನೆಯ ನಿಜವನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಎರಡನೆಯದನ್ನು ಹೇಳಲು ಜಯರಾಮಯ್ಯನವರಿಗೆ ಪುರುಸೊತ್ತಾಗಿರಲಿಲ್ಲ. (ಹದಿನಾರು ವರ್ಷ ಪುರುಸೊತ್ತಾಗಿಲ್ಲ ಎಂದರೆ ಅದೆಷ್ಟು ಕೆಲಸವಿರಬೇಕು, ನೀವೇ ಯೋಚಿಸಿ.)

ಹೀಗಾಗಿ ಬಳಗದಲ್ಲಿ ಯಾರ ಮನೆಯ ಗಡಿಯಾರ ನಿಂತರೂ ಅದು ಬಟ್ಟೆಚೀಲದಲ್ಲಿ ಕುಳಿತು ಜಯರಾಮಯ್ಯನವರ ಮನೆಗೆ ಬರುತ್ತಿತ್ತು. ಅವರು ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗೇ ಕೆಟ್ಟಿದೆ ಎಂಬಂತೆ "ಹೇರ್‌ಸ್ಪ್ರಿಂಗು" ಎನ್ನುತ್ತಿದ್ದರು. ಕೈಗಡಿಯಾರವಾದರೂ ಹೇರ್‌ಸ್ಪ್ರಿಂಗು, ಗೋಡೆ ಗಡಿಯಾರವಾದರೂ ಹೇರ್‌ಸ್ಪ್ರಿಂಗು. "ಒಂದು ವಾರ ನಮ್ಮನೇಲಿರ್ಲಿ, ನೋಡ್ತೀನಿ" ಎಂದು ಇಟ್ಟುಕೊಂಡು, ಮಾರನೆಯ ದಿನ ಮಂಡಿಪೇಟೆಯಲ್ಲಿ ವಾಚ್ ರಿಪೇರಿ ಮಾಡುವ ಅಂಜನಪ್ಪನ ಹತ್ತಿರ ಮಾಡಿಸಿಕೊಂಡು ಬರುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಅಂಜನಪ್ಪನಿಗೆ ಮತ್ತು ಹೆಂಡತಿ ಅಂಬುಜಮ್ಮನವರಿಗೆ. ಅಂಜನಪ್ಪನಿಗೆ ವ್ಯಾಪಾರವಾಗುತ್ತಿತ್ತು, ಅವನು ಬಾಯಿ ಬಿಡಲಿಲ್ಲ. ಅಂಬುಜಮ್ಮನವರು ಗಂಡನ ಮರ್ಯಾದೆ ಎಂದು ಬಾಯಿ ಬಿಡಲಿಲ್ಲ.

ಈ ಕೀರ್ತಿಯ ಮೇಲೆ ಜಯರಾಮಯ್ಯನವರಿಗೆ ಒಂದು ಘನವಾದ ಪದವಿಯೂ ಬಂದಿತ್ತು. ಬಳಗದ ಯಾವ ಮದುವೆಯಾಗಲಿ, ತಾಳಿ ಕಟ್ಟುವ ಗಳಿಗೆ ಬಂತೆಂದು ಸಾರುವವರು ಅವರೇ. ಮಂಟಪದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ವಾಚಿನ ಮೇಲೆ ಕಣ್ಣಿಟ್ಟು ಕೂತು, ಸೆಕೆಂಡಿನ ಮುಳ್ಳು ಬರಬೇಕಾದಲ್ಲಿಗೆ ಬಂದ ಕೂಡಲೇ ಬಲಗೈ ಎತ್ತಿ "ಗಟ್ಟಿಮೇಳ!" ಎಂದರೆ ಮುಗಿಯಿತು, ವಾಲಗದವರು ಭೋರ್ಗರೆಯುತ್ತಿದ್ದರು. ಒಮ್ಮೆ ಕುಣಿಗಲ್ಲಿನ ಮದುವೆಯಲ್ಲಿ ಪುರೋಹಿತ ವೆಂಕಟರಂಗಯ್ಯನವರು "ಹೊತ್ತಾಯ್ತು" ಎಂದದ್ದಕ್ಕೆ "ಇನ್ನೂ ನಲವತ್ತು ಸೆಕೆಂಡಿದೆ ಸ್ವಾಮಿ" ಎಂದು ತಾಳಿ ಹಿಡಿದ ವರನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ್ದರು. ಅಂದಿನಿಂದ ವೆಂಕಟರಂಗಯ್ಯನವರು ಜಯರಾಮಯ್ಯ ಇರುವ ಕಡೆ ತಮ್ಮ ವಾಚನ್ನು ಬಿಚ್ಚಿ ಚೀಲಕ್ಕೆ ಹಾಕಿಬಿಡುತ್ತಿದ್ದರು. ಪೆನ್ಷನ್ನಿಗಿಂತ ಈ ಪದವಿಯೇ ಜಯರಾಮಯ್ಯನವರಿಗೆ ಹೆಚ್ಚು. ಅದಿಲ್ಲದೆ ತಾವು ಬರೀ ಬೇಳೆ ಅಳೆದ ಮನುಷ್ಯ ಎಂಬುದು ಅವರಿಗೆ ಒಳಗೊಳಗೇ ಚೆನ್ನಾಗಿ ಗೊತ್ತಿತ್ತು.

ತೊಂಬತ್ತಾರನೇ ಇಸವಿಯಲ್ಲಿ ಅವರಿಗೆ ಅರವತ್ತು ತುಂಬಿತು. ಅರವತ್ತರ ಶಾಂತಿ ಎಂದರೆ ಹೋಮ, ಹವನ, ಕೊನೆಗೆ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟುವುದು. ಅದಕ್ಕೂ ಮುಹೂರ್ತವುಂಟು. ಹೆಂಡತಿಯ ತವರಾದ ಗುಬ್ಬಿಯ ಛತ್ರದಲ್ಲೇ ಆಗಬೇಕೆಂದು ತೀರ್ಮಾನವಾಯಿತು. ತವರಿನ ಉಡುಗೊರೆ ಏನು ಎಂಬ ಮಾತು ಎತ್ತಿಕೊಂಡು ಬಂದವನು ಅಂಬುಜಮ್ಮನವರ ತಮ್ಮ ಅನಂತಕೃಷ್ಣ. ಪೀಣ್ಯದ ಮೆಷಿನ್ ಕಂಪನಿಯಲ್ಲಿದ್ದ ಅವನನ್ನು ಒಂದು ತಿಂಗಳ ಟ್ರೈನಿಂಗಿಗೆ ಸ್ವಿಜರ್ಲೆಂಡಿಗೆ ಕಳಿಸುತ್ತಿದ್ದರು.

"ಭಾವ, ನಾವು ಮೂರು ಜನ ಅಣ್ಣತಮ್ಮಂದಿರು ಸೇರಿ ನಿಮಗೊಂದು ಸ್ವಿಸ್ ವಾಚ್ ಕೊಡ್ಬೇಕು ಅಂತಿದೀವಿ" ಎಂದು ಅವನು ಪಂಚಾಂಗದ ಮೂರರಷ್ಟು ದಪ್ಪದ ಕ್ಯಾಟಲಾಗನ್ನು ಮುಂದಿಟ್ಟ. "ಸುಮ್ನೆ ಅಂಥಿಂಥದ್ದಲ್ಲ, ಸ್ಪೋರ್ಟ್ಸ್ ವಾಚು. ಆದ್ರೆ ಆರಿಸೋದು ಮಾತ್ರ ನೀವೇ. ನಿಮ್ಮ ಮುಂದೆ ನಾವೇನು ಆರಿಸೋದು?"

"ಸ್ಪೋರ್ಟ್ಸಾ?" ಅಡಿಗೆಮನೆಯಿಂದ ಅಂಬುಜಮ್ಮನವರು ಬಂದರು. "ನಿಮ್ಮ ಭಾವ ಆಡೋ ಆಟ ಚೌಕಾಬಾರ ಒಂದೇ ಕಣೋ. ಅದರಲ್ಲೂ ಇವರ ಕವಡೆ ನಾನೇ ಹಾಕ್ಬೇಕು."

"ನೀನು ಸುಮ್ನಿರು ಅಂಬುಜಾ. ಇದು ಟೆಕ್ನಿಕಲ್ ವಿಷಯ" ಎಂದು ಜಯರಾಮಯ್ಯನವರು ಕನ್ನಡಕ ಏರಿಸಿದರು.

ಮೂರು ದಿನ ಆ ಕ್ಯಾಟಲಾಗಿನ ಪಾರಾಯಣ ನಡೆಯಿತು. ಒಂದು ವಾಚಿನಲ್ಲಿ ದೊಡ್ಡ ಡಯಲ್ಲಿನೊಳಗೆ ಮೂರು ಪುಟ್ಟ ಡಯಲ್ಲುಗಳು. "ಬಸುರಿ ವಾಚು" ಎಂದು ಅಂಬುಜಮ್ಮನವರು ಪಕ್ಕಕ್ಕೆ ಸರಿಸಿದರು. ಇನ್ನೊಂದು ಕಾರಿನ ವೇಗ ಅಳೆಯುವಂಥದ್ದು. ಜಯರಾಮಯ್ಯನವರ ಹತ್ತಿರ ಇದ್ದದ್ದು ಸೈಕಲ್ಲು, ಅದೂ ಪಂಕ್ಚರಾಗಿ ಎರಡು ವರ್ಷ. ಕೊನೆಗೆ ಕಣದಲ್ಲಿ ಉಳಿದದ್ದು ಮೂರು: ಬ್ಯಾಟರಿಯದ್ದೊಂದು, ಕೀ ಕೊಡುವ ತೆಳ್ಳನೆಯದೊಂದು, ಮುನ್ನೂರು ಮೀಟರ್ ನೀರಿನಾಳಕ್ಕೂ ಜಗ್ಗದ ಉಕ್ಕಿನ ಆಟೋಮ್ಯಾಟಿಕ್ ಒಂದು.

"ಮುನ್ನೂರು ಮೀಟರ್ ಅಂದ್ರೆ ಸಾವಿರ ಅಡಿ ಕಣ್ರೀ" ಎಂದರು ಅಂಬುಜಮ್ಮನವರು. "ನಮ್ಮ ಬೋರ್‌ವೆಲ್ಲಲ್ಲಿ ಇನ್ನೂರೈವತ್ತು ಅಡಿಗೇ ಧೂಳು ಬಂತು. ನೀವು ಮುಳುಗೋದಾದ್ರೂ ಎಲ್ಲಿ? ಬ್ಯಾಟರೀದು ತಗೊಳ್ಳಿ, ನಿಶ್ಚಿಂತೆ."

"ಬ್ಯಾಟರಿ ಟಾರ್ಚಿಗೆ ಹಾಕೋದು. ವಾಚಿಗಲ್ಲ."

"ಹಾಗಾದ್ರೆ ಕೀ ಕೊಡೋದು?"

"ದಿನಾ ಬೆಳಿಗ್ಗೆದ್ದು ಯಾರು ಕೀ ಕೊಡ್ತಾರೆ?" ಜಯರಾಮಯ್ಯನವರು ಕ್ಯಾಟಲಾಗಿನ ಮೇಲೆ ಅಂಗೈ ಬಡಿದರು. "ಇದೇ ಸೈ. ಬ್ಯಾಟರಿ ಬೇಡ, ಕೀ ಬೇಡ. ನಾನು ಸುಮ್ನೆ ಕೂತಿದ್ರೆ ಸಾಕು, ಎಲ್ಲಾ ಅದರ ಪಾಡಿಗೆ ಅದು ಮಾಡ್ಕೊಂಡು ಹೋಗುತ್ತೆ."

"ಅಂಥದ್ದೊಂದು ಈ ಮನೇಲಿ ಮೂವತ್ತೈದು ವರ್ಷದಿಂದ ಓಡ್ತಾ ಇದೆಯಲ್ಲ. ಇನ್ನೊಂದ್ಯಾಕೆ?" ಎಂದು ಅಂಬುಜಮ್ಮನವರು ಒಗ್ಗರಣೆ ಹಾಕಲು ಎದ್ದು ಹೋದರು.

ಶಾಂತಿಗೆ ಎರಡು ದಿನ ಉಳಿದಿರುವಾಗ, ಸಂಜೆ ಆರು ಗಂಟೆಗೆ, ಅನಂತಕೃಷ್ಣ ವಿಮಾನ ಇಳಿದವನು ನೇರವಾಗಿ ತುಮಕೂರಿಗೆ ಬಂದ. ಕಳ್ಳಕಾಕರ ಭಯಕ್ಕೆ ವಾಚನ್ನು ತನ್ನ ಕೈಗೇ ಕಟ್ಟಿಕೊಂಡು ಬಂದಿದ್ದ. ಬಿಚ್ಚಿ, ಇಲ್ಲಿನ ಟೈಮಿಗೆ ಸರಿಮಾಡಿ, ಭಾವನ ಕೈಗೆ ಕಟ್ಟಿ, ಒಂದು ಪುಟ್ಟ ಪುಸ್ತಕವನ್ನೂ ಚಾಚಿದ.

"ಭಾವ, ಇದನ್ನ ಹೆಂಗೆ ಇಟ್ಕೋಬೇಕು ಅಂತ ಇದರಲ್ಲಿ ಬರೆದಿದೆ. ಅಂಗಡಿಯವನು ಎರಡೆರಡು ಸಲ ಹೇಳಿದ..."

"ನನಗೆ ಪುಸ್ತಕಾನಾ?" ಜಯರಾಮಯ್ಯನವರು ಮುಗುಳ್ನಕ್ಕರು. "ಹದಿನಾರು ವರ್ಷ, ಅನಂತೂ. ಹದಿನಾರು ವರ್ಷ ಫ್ಯಾಕ್ಟರೀಲಿ."

ಅನಂತಕೃಷ್ಣ ನಾಚಿಕೊಂಡು ಪುಸ್ತಕವನ್ನು ಜೇಬಿಗಿಳಿಸಿದ. ಅಡಿಗೆಮನೆಯಲ್ಲಿ ಏನೋ ಪಾತ್ರೆ ಠಣ್ಣೆಂದಿತು.

ಮುಂದಿನ ಎರಡು ದಿನ ಆ ಎಡಗೈಗೆ ಸಿಕ್ಕ ಉಪಚಾರ ಬಾಣಂತಿಗೂ ಸಿಕ್ಕಿರಲಾರದು. ಉಕ್ಕಿನ ಚೈನಿಗೆ ಗೀರು ಬೀಳಬಾರದೆಂದು ಕುರ್ಚಿಯ ಕೈಮೇಲೆ ಟವೆಲ್ ಮಡಿಸಿ, ಅದರ ಮೇಲೆ ಕೈಯಿಟ್ಟು ಕೂತರು. ನೋಡಲು ಬಂದವರು ತಾವೇ ಬಗ್ಗಿ ದರ್ಶನ ಪಡೆಯಬೇಕು, ಕೈ ಏಳುತ್ತಿರಲಿಲ್ಲ. ಸ್ನಾನದ ನೀರನ್ನು ಅಂಬುಜಮ್ಮನವರು ಎತ್ತಿಟ್ಟರು. ಪೇಪರಿನ ಹಾಳೆ ತಿರುಗಿಸಲು ಸಹ "ಅಂಬುಜಾ" ಎಂದು ಕೂಗಿದರು. ರಾತ್ರಿಯಾದರೆ ವಾಚು ಮಖಮಲ್ಲಿನ ಡಬ್ಬಿಯೊಳಗೆ, ಡಬ್ಬಿ ಬೀರುವಿನೊಳಗೆ. ಶಾಂತಿಯ ಬೆಳಿಗ್ಗೆ ಗುಬ್ಬಿಗೆ ಕಾರಿನಲ್ಲಿ ಹೋಗುವಾಗ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೈ.

ಮುಹೂರ್ತ ಹತ್ತೂಕಾಲಿನಿಂದ ಹತ್ತೂ ನಲವತ್ತರೊಳಗೆ. ತಮ್ಮ ಮುಹೂರ್ತವನ್ನು ತಾವೇ ಕೂಗುವ ವರ ಲೋಕದಲ್ಲಿ ಇವರೊಬ್ಬರೇ ಇರಬೇಕು. ಹಸೆಮಣೆಯ ಮೇಲೆ ಕೂತು, ಹೋಮದ ಹೊಗೆ ತಾಗದಿರಲೆಂದು ಎಡಗೈಯನ್ನು ರೇಷ್ಮೆ ಶಲ್ಯದೊಳಗೆ ಇಟ್ಟುಕೊಂಡಿದ್ದರು. ವೆಂಕಟರಂಗಯ್ಯನವರು ಕೇಳಿದಾಗ ಶಲ್ಯ ಸರಿಸಿ ನೋಡಿ, "ಒಂಬತ್ತೂ ಐವತ್ತೆರಡು. ಇನ್ನೂ ಬೇಕಾದಷ್ಟು ಟೈಮಿದೆ" ಎಂದರು.

ಪುರೋಹಿತರು ಇನ್ನೊಂದು ಮಂತ್ರ ಹಿಡಿದರು. ಅದು ಮುಗಿದ ಮೇಲೆ ಇನ್ನೊಂದು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮೃತೂರಿನ ರಾಮಾಂಜಿನಯ್ಯ, ಬಳಗದ ಹಿರಿಯರು, ತಮ್ಮ ವಾಚು ನೋಡಿಕೊಂಡು "ನಂದ್ರಲ್ಲಿ ಹತ್ತೂವರೆ" ಎಂದು ಮೆಲ್ಲಗೆ ಎದ್ದು ನಿಂತರು.

"ನಿಮ್ಮದು ಯಾವ ದೇಶದ್ದು?" ಜಯರಾಮಯ್ಯನವರು ಶಲ್ಯ ಸರಿಸಿ ನೋಡಿದರು. "ಇಲ್ಲಿ ಹತ್ತೇ ಆಗಿಲ್ಲ."

ರಾಮಾಂಜಿನಯ್ಯ ತಪ್ಪು ಮಾಡಿದವರಂತೆ ಕೂತು, ತಮ್ಮ ವಾಚಿನ ಮುಳ್ಳನ್ನು ಹಿಂದಕ್ಕೆ ತಿರುಗಿಸಿಕೊಂಡರು. ಅವರನ್ನು ನೋಡಿ ಪಕ್ಕದವರು. ನೋಡನೋಡುತ್ತಿದ್ದಂತೆ ಛತ್ರದಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ವಾಚುಗಳನ್ನು ಸ್ವಿಜರ್ಲೆಂಡಿಗೆ ಸರಿಯಾಗಿ ಹಿಂದಕ್ಕೆ ತಿರುಗಿಸಿಕೊಂಡರು. ವಾಲಗದವರಲ್ಲಿ ಒಬ್ಬ ಡೋಲಿನ ಮೇಲೆ ತಲೆಯಿಟ್ಟು ಮಲಗಿದ. ಅಡಿಗೆಯವನು ಬಂದು "ಹಪ್ಪಳ ಮೆತ್ತಗಾಗ್ತಾ ಇದೆ" ಎಂದು ದೂರಿ ಹೋದ. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು.

ಅಂಬುಜಮ್ಮನವರು ಹುಟ್ಟಿ ಬೆಳೆದದ್ದೇ ಗುಬ್ಬಿಯಲ್ಲಿ. ಅವರ ಕಿವಿ ನೆಟ್ಟಗಾಯಿತು. "ರೀ, ಅದು ಹನ್ನೊಂದು ಗಂಟೆ ಪ್ಯಾಸೆಂಜರು ಕಣ್ರೀ."

"ಇವತ್ತು ಒಂದು ಗಂಟೆ ಬೇಗ ಬಂದಿದೆ" ಎಂದರು ಜಯರಾಮಯ್ಯನವರು.

ಸ್ವಿಸ್ ವಾಚನ್ನು ನಂಬಿದ್ದ ಜನಕ್ಕೂ ಪ್ಯಾಸೆಂಜರ್ ರೈಲು ಒಂದು ಗಂಟೆ ಬೇಗ ಬಂತು ಎಂಬುದನ್ನು ನಂಬಲಾಗಲಿಲ್ಲ. ಅಂಬುಜಮ್ಮನವರು ಮದುಮಗಳೆಂಬುದನ್ನೂ ಮರೆತು ಶಲ್ಯವನ್ನು ಸರ್ರನೆ ಎಳೆದರು. ಒಂಬತ್ತೂ ಐವತ್ತೆರಡು. ಸೆಕೆಂಡಿನ ಮುಳ್ಳು ಅಲ್ಲಾಡದೆ ಮಲಗಿತ್ತು.

ಜಯರಾಮಯ್ಯನವರು ತಲೆಯನ್ನೇ ಬಗ್ಗಿಸಿ ವಾಚಿಗೆ ಕಿವಿಗೊಟ್ಟರು. ಕೈ ಆಗಲೂ ಏಳಲಿಲ್ಲ. ಕಣ್ಣು ಮುಚ್ಚಿದರು. "ಹೇರ್‌ಸ್ಪ್ರಿಂಗು."

"ಅಯ್ಯೋ, ಹೇರ್‌ಸ್ಪ್ರಿಂಗೂ ಅಲ್ಲ ಏನೂ ಅಲ್ಲ ಭಾವ!" ಅನಂತಕೃಷ್ಣ ಓಡಿಬಂದ. "ಕೈ ಆಡ್ತಾ ಇದ್ರೆ ತಾನೇ ಅದಕ್ಕೆ ಕೀ ಆಗೋದು? ಒಳಗೊಂದು ತೂಕದ ತುಂಡಿದೆ, ಕೈ ಆಡಿದ ಹಾಗೆ ಅದು ಸುತ್ತುತ್ತೆ. ಸುಮ್ನೆ ಇಟ್ರೆ ನಲವತ್ತು ಗಂಟೆಗೆ ನಿಂತೋಗುತ್ತೆ. ಆ ಪುಸ್ತಕದಲ್ಲಿ ಅದೇ ಇತ್ತು. ನೀವು ಬೇಡ ಅಂದ್ರಿ. ಫ್ಯಾಕ್ಟರೀಲಿ ಇದನ್ನೆಲ್ಲ ನೋಡಿರ್ತೀರ ಅಂತ ನಾನೂ ಸುಮ್ನಾದೆ."

"ಅವರು ಫ್ಯಾಕ್ಟರೀಲಿ ನೋಡಿದ್ದು ತೊಗರಿಬೇಳೆ ಕಣೋ!" ಅಂಬುಜಮ್ಮನವರ ಬಾಯಿಂದ ಬಂದೇಬಿಟ್ಟಿತು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ಕ್ಯಾಂಟೀನ್ ಸ್ಟೋರ್ಸು! ಹದಿನಾರು ವರ್ಷ ನಾನು ಬಾಯಿ ಮುಚ್ಕೊಂಡಿದ್ದೆ. ಅರವತ್ತಕ್ಕೊಂದ್ಸಲ ತಾಳಿ ಕಟ್ಟಿಸ್ಕೊಳ್ಳೋ ಭಾಗ್ಯ, ಅದರ ಮುಹೂರ್ತಾನೂ ನುಂಗಿದ್ರಲ್ರೀ! ಮನೇಲಿ ಒಂದು ಕಡ್ಡಿ ಎತ್ತಿಡಲ್ಲ ಅಂತ ಮೂವತ್ತೈದು ವರ್ಷದಿಂದ ನಾನು ಬಾಯಲ್ಲಿ ಹೇಳ್ತಿದ್ದೆ. ಈಗ ಸ್ವಿಜರ್ಲೆಂಡಿನವರು ಮೆಷಿನ್ ಇಟ್ಟು ಹೇಳಿದ್ದಾರೆ!"

ಮೊದಲು ನಕ್ಕದ್ದು ಡೋಲಿನವನು. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂದು ಹೇಳುವ ಹಾಗಿರಲಿಲ್ಲ. ಜಯರಾಮಯ್ಯನವರು ಹೋಮಕುಂಡದ ಕಡೆ ನೋಡುತ್ತಾ ಕೂತಿದ್ದರು. ಮುಖ ಕೆಂಪಗಾದದ್ದು ಬೆಂಕಿಯ ಝಳಕ್ಕೆ ಎಂದು ಯಾರೂ ಅಂದುಕೊಳ್ಳಲಿಲ್ಲ.

ವೆಂಕಟರಂಗಯ್ಯನವರು ಕುಣಿಗಲ್ಲಿನ ಲೆಕ್ಕ ಚುಕ್ತಾ ಆದ ಸಂತೋಷವನ್ನು ಒಳಗೇ ಅದುಮಿಕೊಂಡು, ಚೀಲದಿಂದ ತಮ್ಮ ವಾಚು ತೆಗೆದರು. "ಚಿಂತೆ ಮಾಡಬೇಡಿ ತಾಯಿ. ಮಧ್ಯಾಹ್ನ ಅಭಿಜಿನ್ ಮುಹೂರ್ತವಿದೆ, ದೋಷವಿಲ್ಲ. ಹನ್ನೆರಡೂ ಐದಕ್ಕೆ ಕಟ್ಟಿಸೋಣ."

"ಹನ್ನೆರಡೂ ಐದು. ಕೊಡಿ ಇತ್ಲಾಗೆ" ಎಂದು ಅಂಬುಜಮ್ಮನವರು ಗಂಡನ ಕೈಯಿಂದ ವಾಚು ಬಿಚ್ಚಿ, ಪುರೋಹಿತರದನ್ನು ನೋಡಿ ಸರಿಮಾಡಿಸಿ, ತಮ್ಮ ಗಾಜಿನ ಬಳೆಗಳ ಹಿಂದೆ ಏರಿಸಿಕೊಂಡರು. ಮುಂದಿನ ಒಂದು ಗಂಟೆ ಅವರು ಕೂರಲಿಲ್ಲ. ಹಪ್ಪಳ ಮತ್ತೆ ಕರಿಸಿದರು, ಎಲೆ ಹಾಕಿಸಿದರು, ಕಾದು ಸುಸ್ತಾದವರಿಗೆಲ್ಲ ಪಾನಕ ಹಂಚಿದರು. ವಾಚು ಆ ಕೈಯಲ್ಲಿ ಉಸಿರು ಬಿಡಲೂ ಸಮಯ ಸಿಗದಂತೆ ಓಡಿತು. ಹನ್ನೆರಡೂ ನಾಲ್ಕಕ್ಕೆ ಬಂದು ಹಸೆಮಣೆಯ ಮೇಲೆ ಕೂತು, ಮುಳ್ಳಿನ ಮೇಲೆ ಕಣ್ಣಿಟ್ಟು, ಬಲಗೈ ಎತ್ತಿ "ಗಟ್ಟಿಮೇಳ!" ಎಂದರು. ವಾಲಗದವರು ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಛಾವಣಿ ಹಾರುವಂತೆ ಬಾರಿಸಿದರು.

"ಕಟ್ಟಿ, ಮತ್ತೆ ಹೊತ್ತು ಮೀರೀತು" ಎಂದು ಅವರು ಕತ್ತು ಬಗ್ಗಿಸಿದರು. ಜಯರಾಮಯ್ಯನವರು ಕಟ್ಟಿದರು.

ತಿಂಗಳಾಯಿತು. ಜಯರಾಮಯ್ಯನವರು ಸೋಲೊಪ್ಪುವ ಜಾತಿಯಲ್ಲ. ವಾಚು ತಮಗೆ ಬಂದ ಉಡುಗೊರೆ ಎಂದು ವಾದಿಸಿ ಹಿಂದಕ್ಕೆ ಪಡೆದರು. "ಧಾರಾಳವಾಗಿ ತಗೊಳ್ಳಿ. ನಿಂತರೆ ಮಾತ್ರ ನನ್ನ ಕೈಗೆ" ಎಂಬುದೊಂದೇ ಅಂಬುಜಮ್ಮನವರ ಷರತ್ತು. ಅವತ್ತಿನಿಂದ ಜಯರಾಮಯ್ಯನವರು ಎಡಗೈಯಲ್ಲೇ ಕಸ ಗುಡಿಸಿದರು, ಬಾವಿಯಿಲ್ಲದ ಮನೆಯಲ್ಲಿ ಬೀದಿ ನಲ್ಲಿಯಿಂದ ನೀರು ಹೊತ್ತರು, ಕಾಯಿ ತುರಿದರು, ದೋಸೆ ಹಿಟ್ಟು ರುಬ್ಬಿದರು. ವಾಚು ಒಂದು ದಿನವೂ ನಿಲ್ಲಲಿಲ್ಲ. ಪದವಿ ಮರಳಿ ಬರುವುದಕ್ಕೆ ಇನ್ನೇನು ತಡ ಎಂದು ಅವರಿಗೆ ಪೂರಾ ಭರವಸೆ ಬಂದುಬಿಟ್ಟಿತು.

ಒಂದು ಬೆಳಿಗ್ಗೆ ಅವರು ಬಟ್ಟೆ ಹಿಂಡುತ್ತಿದ್ದಾಗ ರಾಮಾಂಜಿನಯ್ಯ ಮಗಳ ಮದುವೆಯ ಕಾಗದ ಹಿಡಿದುಕೊಂಡು ಅಮೃತೂರಿನಿಂದ ಬಂದರು. ಜಯರಾಮಯ್ಯನವರು ಕೈ ಒರೆಸಿಕೊಂಡು, ವಾಚು ಕಾಣುವಂತೆ ತೋಳು ಚಾಚಿ, "ಬರ್ತೀನಿ, ಬರ್ತೀನಿ. ಮುಹೂರ್ತದ ಯೋಚನೆ ನಿಮಗೆ ಬೇಡ. ಸೆಕೆಂಡೂ ಆಚೀಚೆ ಆಗಲ್ಲ" ಎಂದರು.

"ಅದಕ್ಕೇ ಬಂದೆ ಸ್ವಾಮಿ" ಎಂದು ರಾಮಾಂಜಿನಯ್ಯ ಸಂಕೋಚದಿಂದ ಒಳಗಡೆ ಇಣುಕಿದರು. "ಅಂಬುಜಮ್ಮನವರು ಇದಾರಾ? ಗಟ್ಟಿಮೇಳ ಅವರೇ ಕೂಗ್ಬೇಕು ಅಂತ ಮನೇಲೆಲ್ಲ ಆಸೆಪಡ್ತಿದಾರೆ."

"ಅದಕ್ಕೇನಂತೆ, ಬರ್ತೀನಿ" ಎಂದು ಒಳಗಿನಿಂದ ಅಂಬುಜಮ್ಮನವರ ದನಿ ಬಂತು. "ಅಲ್ಲೀತನಕ ಇವರು ವಾಚು ಓಡಿಸ್ತಾ ಇರ್ತಾರೆ. ರೀ, ಆ ಬೆಡ್‌ಶೀಟ್ ಇನ್ನೊಂದು ಸಲ ಹಿಂಡಿ."