ಗುಜರಿ ಎಂಜಿನ್ನೂ ಮೇಡಂ ಹಾಕಿದ ಷರತ್ತೂ

ರಿಟೈರ್ ಆದ ಮೇಲೆ ಮನುಷ್ಯ ತೆಪ್ಪಗೆ ಮನೆಯಲ್ಲಿ ಕೂತರೆ ಯಾವ ತಮಾಷೆಯೂ ನಡೆಯುವುದಿಲ್ಲ. ಶೆಡ್ಡಿನಲ್ಲಿ ವಿಮಾನ ಕಟ್ಟಲು ಹೊರಟನೋ, ವಾರಕ್ಕೊಂದು ಗ್ಯಾರಂಟಿ.

ನಾನು ಹೆಬ್ಬಾಳದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯುಸ್ಸು ಸವೆಸಿದವನು. ಹೂಟಗಳ್ಳಿಯ ನಮ್ಮ ಮನೆ ಹಿಂದೆ ಒಂದು ತಗಡಿನ ಶೆಡ್ಡು, ಅದರಲ್ಲೊಂದು ಹಳೇ ಲೇತು. ಆ ಲೇತಿನ ಮೇಲಿನ ಪ್ರೀತಿಗೆ ನನ್ನ ಸ್ನೇಹ ಬೆಳೆಸಿದವರು ಪಕ್ಕದ ರಸ್ತೆಯ ಮೇಷ್ಟ್ರು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವರು, ಹರೆಯದಲ್ಲಿ ವಿಮಾನ ಓಡಿಸುವುದನ್ನೂ ಕಲಿತಿದ್ದವರು. ಇಬ್ಬರು ಕೂರುವ ಪುಟ್ಟ ವಿಮಾನವೊಂದನ್ನು ಕೈಯಾರೆ ಕಟ್ಟಿ, ಚಾಮುಂಡಿ ಬೆಟ್ಟವನ್ನು ಮೇಲಿನಿಂದ ನೋಡಬೇಕು ಅನ್ನುವುದು ಅವರ ಬಹುಕಾಲದ ಆಸೆ. ರೆಕ್ಕೆ, ಬಾಲ ಎಲ್ಲ ಆಗಿತ್ತು. ಎಂಜಿನ್ ಆಗಬೇಕಿತ್ತು.

ಮೇಷ್ಟ್ರ ಹೆಂಡತಿ ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವರು. ಊರಿಗೆಲ್ಲ ಅವರು ಮೇಡಂ. ಅವರು ಬೇಡ ಅನ್ನಲಿಲ್ಲ, ಷರತ್ತು ಹಾಕಿದರು. ಎಂಜಿನ್ ನೆಲದ ಮೇಲೆ, ಅವರ ಕಣ್ಣೆದುರಿಗೆ, ಒಂದು ಗಂಟೆ ನಿಲ್ಲದೆ ಓಡಬೇಕು. ಓಡಿದರೆ ಮೇಷ್ಟ್ರು ವಿಮಾನ ಹತ್ತಬಹುದು. ಓಡದಿದ್ದರೆ ಎಂಜಿನ್ನನ್ನು ಐಟಿಐಗೆ ದಾನ ಮಾಡಿ ಮನೆಯಲ್ಲಿ ಕೂರಬೇಕು. ಅನುಮತಿ, ತಪಾಸಣೆ ಅಂತ ಸರ್ಕಾರ ಕೇಳುವುದೆಲ್ಲ ಆಮೇಲಿನ ಮಾತು. ಮೊದಲು ಮನೆಯ ಅನುಮತಿ.

ಕಾರು ಗುಜರಿಗೆ ಬಂದದ್ದು

ನಮ್ಮದು ರೋಟರಿ ಎಂಜಿನ್. ಯಾರೋ ಶೋಕಿಗೆ ತರಿಸಿದ್ದ ವಿದೇಶಿ ಕಾರಿನದು, ಗುಜರಿಯಲ್ಲಿ ಸಿಕ್ಕಿದ್ದು. ಅದರಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನೇ ಇಲ್ಲ. ಮೊಟ್ಟೆಯಾಕಾರದ ಗೂಡಿನೊಳಗೆ ಒಂದು ಮುಮ್ಮೂಲೆ ಕಬ್ಬಿಣ ಸುತ್ತುತ್ತದೆ, ಅಷ್ಟೆ. ಹಗುರ, ನಡುಕ ಕಡಿಮೆ, ಕೆಡಲು ಒಳಗೆ ಹೆಚ್ಚು ಸಾಮಾನೂ ಇಲ್ಲ ಅಂತ ಮೇಷ್ಟ್ರು ಬಂದವರಿಗೆಲ್ಲ ನಮ್ಮ ಮನೆಯ ದೋಸೆಹಿಟ್ಟಿನ ಗ್ರೈಂಡರ್ ತೋರಿಸಿ ವಿವರಿಸುತ್ತಿದ್ದರು. ಹೀಗಾಗಿ ಎಷ್ಟೋ ದಿನ ನಮ್ಮಲ್ಲಿ ದೋಸೆಗೆ ನೆನೆಹಾಕಿದ ಅಕ್ಕಿ ನೆನೆದೇ ಇರುತ್ತಿತ್ತು.

ಎದುರುಮನೆ ಯಜಮಾನರಿಗೆ ಈ ವಿವರಣೆ ಎಷ್ಟು ಹಿಡಿಸಿತೆಂದರೆ, ಮೇಷ್ಟ್ರ ಪಕ್ಕದ ಸೀಟು ಮೊದಲ ದಿನವೇ ತಮಗೆ ಅಂತ ಹೇಳಿಬಿಟ್ಟರು. ಬೆಟ್ಟಕ್ಕೆ ಮೇಲಿನಿಂದಲೇ ಕೈ ಮುಗಿಯುತ್ತೇನೆ ಅಂತ ಬೀದಿಯಲ್ಲೆಲ್ಲ ಸಾರಿದರು. ಹೊರಡುವಾಗ, ಸುಮ್ಮನೆ ಮಾತಿಗೆ ಅನ್ನುವ ಹಾಗೆ, ಅಷ್ಟು ಒಳ್ಳೇ ಕಾರು ಗುಜರಿಗೆ ಯಾಕೆ ಬಂತು ಅಂತ ಕೇಳಿದರು.

ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಎಂಜಿನ್ ಕೆಟ್ಟು" ಅಂದರು.

ಯಜಮಾನರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಂದೇನೂ ಅರ್ಜೆಂಟಿಲ್ಲ ಬುಡಿ ಮೇಷ್ಟ್ರೇ, ಬೆಟ್ಟಕ್ಕೆ ಸಿಟಿ ಬಸ್ಸೈತೆ" ಅಂದರು.

ತಂಪು

ಕೆಟ್ಟಿದ್ದನ್ನು ಬಿಚ್ಚಿ ಸೀಲುಗಳನ್ನೆಲ್ಲ ಬದಲಾಯಿಸಿದೆವು. ಎಂಜಿನ್ನಿನ ವೇಗ ಪ್ರೊಪೆಲ್ಲರಿಗೆ ಅತಿಯಾಗುತ್ತದೆಂದು ನಡುವೆ ಒಂದು ಗೇರ್ ಪೆಟ್ಟಿಗೆ ಮಾಡಿ ಕೂರಿಸಿದೆ. ನನ್ನ ಕೈಕೆಲಸಗಳಲ್ಲಿ ನನಗೇ ಹೆಮ್ಮೆ ತಂದದ್ದು ಅದು. ಉಳಿದದ್ದು ಬಿಸಿ. ಈ ಎಂಜಿನ್ ಬೇಗ ಕಾಯುತ್ತದೆ, ಕಾರಿನ ರೇಡಿಯೇಟರ್ ವಿಮಾನದ ಮೂತಿಯೊಳಗೆ ಹಿಡಿಯುವುದಿಲ್ಲ. ಕಾರಿನ ಏಸಿಯೊಳಗೆ ಇರುತ್ತದಲ್ಲ, ಕೂಲಿಂಗ್ ಕಾಯಿಲ್, ಅದನ್ನೇ ಎರಡು ತಂದು ರೇಡಿಯೇಟರ್ ಮಾಡಿಕೊಳ್ಳಬಹುದು ಅಂತ ಮೇಷ್ಟ್ರು ಎಲ್ಲೋ ಓದಿ ಬಂದರು.

ಕಾರ್ ಏಸಿ ರಿಪೇರಿಯವನ ಅಂಗಡಿಗೆ ಹೋದೆ. ಕಾಯಿಲ್ ಮಾತ್ರ ಸಾಕು, ಏಸಿ ಬೇಡ ಅಂದೆ. ಅವನಿಗೆ ಅನುಮಾನ ಬಂತು. ಗಾಡಿ ಯಾವುದು, ತನ್ನಿ, ನಾನೇ ಕೂರಿಸಿಕೊಡ್ತೀನಿ ಅಂತ ಪಟ್ಟು ಹಿಡಿದ. ಬೇರೆ ದಾರಿ ಕಾಣದೆ ವಿಮಾನಕ್ಕೆ ಅಂದೆ. ಕೈಯಲ್ಲಿದ್ದ ಕಾಯಿಲ್ಲನ್ನು ಮೇಜಿನ ಮೇಲಿಟ್ಟ. ನನಗೆ ಯಾರೋ ಟೋಪಿ ಹಾಕಿದ್ದಾರೆ ಅಂತ ಅವನಿಗೆ ನಿಜಕ್ಕೂ ಮರುಕವಾಗಿತ್ತು.

"ಸುಮ್ನೆ ಯಾಕ್ ಸಾರ್ ಖರ್ಚು? ಅಷ್ಟ್ ಮೇಲೆ ಹೋದ್ಮೇಲೆ ಕಿಟಕಿ ಇಳಿಸಿದ್ರೆ ಸಾಕಲ್ವಾ?"

ಸದ್ದು

ಈ ಎಂಜಿನ್ನಿನ ಸದ್ದಿನ ಬಗ್ಗೆ ಓದಿದ್ದೆವು, ಆದರೆ ಓದಿದ್ದು ಕಿವಿಗೆ ಕೇಳಿಸುವುದಿಲ್ಲವಲ್ಲ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಶೆಡ್ಡಿನ ತಗಡೆಲ್ಲ ಹಾಡಿತು. ಬೀದಿನಾಯಿಗಳು ಪಕ್ಕದ ಬಡಾವಣೆಗೆ ವಲಸೆ ಹೋದವು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದವರು ಒಬ್ಬೊಬ್ಬರೇ ಲುಂಗಿ ಕಟ್ಟಿಕೊಳ್ಳುತ್ತಾ ಗೇಟಿನ ಮುಂದೆ ಸೇರಿದರು. ಅವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾವಿಬ್ಬರೂ ಕೈ ಮುಗಿದು, ಸೈಲೆನ್ಸರ್ ಹಾಕುವ ತನಕ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟೆವು.

ಗುಂಪು ಕರಗಿದ ಮೇಲೆ ಹಿಂಬದಿ ಮನೆಯ ಅಜ್ಜಿ ಕೋಲೂರಿಕೊಂಡು ಬಂದರು. ಅವರಿಗೆ ಕಿವಿ ಕೇಳುವುದಿಲ್ಲ, ಮನೆಯವರು ಮಾತಾಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಇವರದೊಂದು ಬೈಗುಳ ಬಾಕಿ ಇತ್ತು ಅಂತ ತಲೆ ತಗ್ಗಿಸಿ ನಿಂತೆವು. ಅಜ್ಜಿ ಎಂಜಿನ್ನನ್ನು ಸವರಿ, ನನ್ನ ಕೈ ಹಿಡಿದುಕೊಂಡರು.

"ಎಷ್ಟೋ ವರ್ಷಕ್ಕೆ ಒಂದು ಸದ್ದು ಸರಿಯಾಗಿ ಕೇಳುಸ್ತು ಕಣಪ್ಪ. ಇನ್ನೊಂದ್ಸಲ ಆಕು."

ಆಯುಧಪೂಜೆ

ಸೈಲೆನ್ಸರ್ ಬಂತು. ಷರತ್ತಿನ ಓಟಕ್ಕೆ ಮೇಡಂ ದಸರಾ ರಜೆಯಲ್ಲಿ ದಿನ ಕೊಟ್ಟರು. ಆಯುಧಪೂಜೆಯ ದಿನ ಕೆಲಸದ ಸಾಮಾನು ಮುಟ್ಟುವ ಹಾಗಿಲ್ಲ, ಆದ್ದರಿಂದ ಓಟ ವಿಜಯದಶಮಿಗೆ ಅಂತ ಆಯಿತು. ಪೂಜೆ ನನ್ನ ಹೆಂಡತಿಯದು. ಲೇತಿಗೆ ಅರಿಶಿನ ಕುಂಕುಮ, ಸುತ್ತಿಗೆಗೆ ಅರಿಶಿನ ಕುಂಕುಮ, ಎಂಜಿನ್ನಿಗೆ ವಿಭೂತಿಪಟ್ಟೆ, ಪ್ರೊಪೆಲ್ಲರಿಗೆ ಮಾರುದ್ದದ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದದ್ದೂ ಆಯಿತು. ಕೊನೆಗೆ ನಿಂಬೆಹಣ್ಣಿನ ಸಮಸ್ಯೆ ಬಂತು. ಗಾಡಿ ಅಂದಮೇಲೆ ಅದು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಬೇಕು, ಸ್ಟ್ಯಾಂಡಿಗೆ ಬಿಗಿದ ಎಂಜಿನ್ನಿಗೆ ಚಕ್ರವೆಲ್ಲಿದೆ? ಫಿಸಿಕ್ಸ್ ಓದಿದವರು, ಟೂಲ್‌ರೂಮಿನವನು ಇಬ್ಬರೂ ಬಹಳ ಚರ್ಚೆ ಮಾಡಿ, ಎಂಜಿನ್ನಿನ ಪರವಾಗಿ ನನ್ನ ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದೆವು.

ಮಾರನೇ ದಿನ ಎಂಜಿನ್, ಪ್ರೊಪೆಲ್ಲರ್ ಸಮೇತ ಸ್ಟ್ಯಾಂಡನ್ನು ಅಂಗಳಕ್ಕೆ ತಂದೆವು. ಮೇಡಂ ರೇಷ್ಮೆ ಸೀರೆಯುಟ್ಟು, ಕೈಕಟ್ಟಿ, ಎಂಜಿನ್ನಿನ ಹಿಂದೆ ದೂರದಲ್ಲಿ ನಿಂತರು. ಮೀಟರ್ ನೋಡಿದೆವು, ಪೈಪು ನೋಡಿದೆವು, ಎಣ್ಣೆ ನೋಡಿದೆವು. ಹಾರ ತೆಗೆಯಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ದೇವರಿಗೆ ಹಾಕಿದ್ದನ್ನು ಕಿತ್ತುಹಾಕುವ ಅಭ್ಯಾಸ ನಮಗಿಲ್ಲ ನೋಡಿ. ಸ್ಟಾರ್ಟ್ ಮಾಡಿದ್ದೇ ತಡ, ಹಾರ ಹರಿದು ಅಷ್ಟೂ ಚೆಂಡುಹೂವು ಪುಡಿಪುಡಿಯಾಗಿ ಹಿಂದಕ್ಕೆ ಹಾರಿತು. ಅರ್ಧ ಕೂಲಿಂಗ್ ಕಾಯಿಲ್ಲಿಗೆ ಮೆತ್ತಿಕೊಂಡಿತು, ಅರ್ಧ ಮೇಡಂ ಮೇಲೆ ಸುರಿಯಿತು. ಬಿಸಿಯ ಮುಳ್ಳು ಸರ್ರನೆ ಏರಿತು. ಓಡಿಹೋಗಿ ಆಫ್ ಮಾಡಿದೆ.

ಮೇಷ್ಟ್ರ ಮುಖ ನೋಡಲಾಗಲಿಲ್ಲ. ಇಷ್ಟು ದಿನದ ಕನಸು ಐಟಿಐ ಪಾಲಾಯಿತಲ್ಲ ಅಂದುಕೊಂಡೆ. ಮೇಡಂ ತಲೆಯಿಂದ, ಸೆರಗಿನಿಂದ ಹೂ ಕೊಡವಿಕೊಂಡರು. ಇದು ಎಂಜಿನ್ನಿನ ತಪ್ಪಲ್ಲ, ಇನ್ನೊಂದು ಅವಕಾಶ ಕೊಡುತ್ತೇನೆ ಅಂದರು. ಮೇಷ್ಟ್ರು ನಂಬಲಾರದೆ ಕಣ್ಣು ಕಣ್ಣು ಬಿಟ್ಟರು.

"ಏನ್ ಮಾಡೋದು," ಅಂದರು ಮೇಡಂ ನನ್ನ ಹೆಂಡತಿಗೆ. "ಮದುವೆಯಾದಾಗಿಂದ ಇವರು ನನಗೆ ಇಷ್ಟು ಹೂ ಕೊಟ್ಟಿದ್ದು ಇದೇ ಮೊದಲು ಕಣ್ರೀ."

ಒಂದು ಗಂಟೆ

ಎರಡನೇ ಓಟ ಚಳಿಗಾಲದ ಒಂದು ಬೆಳಿಗ್ಗೆ. ಮೇಡಂ ಕಿವಿಗೆ ಹತ್ತಿ ಇಟ್ಟುಕೊಂಡು, ಕುರ್ಚಿ ಹಾಕಿಕೊಂಡು, ನೆನೆಸಿದ ಅವರೆಕಾಳಿನ ಪಾತ್ರೆ ಮಡಿಲಲ್ಲಿಟ್ಟು ಕೂತರು. ಗಡಿಯಾರ ನೋಡುವುದು, ಕಾಳು ಹಿತುಕುವುದು, ಮತ್ತೆ ಗಡಿಯಾರ ನೋಡುವುದು. ಮಕ್ಕಳ ಪರೀಕ್ಷೆಗೂ ಅವರು ಹೀಗೇ ಕೂರುತ್ತಿದ್ದಿರಬೇಕು.

ಎಂಜಿನ್ ಒಂದೇ ಸಮ ಓಡಿತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಎಕ್ಸಲರೇಟರ್ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಇದನ್ನು ಹಿಡಿದಿರು ಅಂತ ನನಗೆ ಸನ್ನೆ ಮಾಡಿ ಮನೆಯೊಳಗೆ ಹೋದರು, ಬಂದರು. ಚಳಿ, ಮೇಲೆ ಬೆಳಗಿನ ಎರಡು ಲೋಟ ಕಾಫಿ. ಇನ್ನೊಂದಿಷ್ಟು ಹೊತ್ತಿಗೆ ಮತ್ತೆ ಸನ್ನೆ, ಮತ್ತೆ ಹೋದರು, ಬಂದರು. ನಾನು ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿರಲಿಲ್ಲ, ನನ್ನ ಪ್ರಾಣವೆಲ್ಲ ಬಿಸಿಯ ಮುಳ್ಳಿನಲ್ಲಿತ್ತು. ಮುಳ್ಳು ಕದಲಲಿಲ್ಲ. ನನ್ನ ಗೇರ್ ಪೆಟ್ಟಿಗೆ ಕೆಮ್ಮಲೂ ಇಲ್ಲ.

ಮೇಡಂ ಕೈ ಎತ್ತಿದರು. ಒಂದು ಗಂಟೆ ಆಗಿತ್ತು. ಎಂಜಿನ್ ಆರಿಸಿದಾಗ ಅಂಗಳವೆಲ್ಲ ನಿಶ್ಶಬ್ದವಾಯಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಅತ್ತ ತಿರುಗಿ ಮೂಗು ಒರೆಸಿಕೊಂಡೆ. ಅಷ್ಟು ಸಂತೋಷ ನನಗೆ ಪ್ರಮೋಷನ್ ಸಿಕ್ಕಿದಾಗಲೂ ಆಗಿರಲಿಲ್ಲ.

ಮೇಡಂ ಕಿವಿಯ ಹತ್ತಿ ತೆಗೆದರು, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ ಮಾಡಿದರು, ಎದ್ದು ಬಂದು ಎಂಜಿನ್ನನ್ನು ಒಂದು ಸುತ್ತು ಹಾಕಿ ನೋಡಿದರು.

"ಎಂಜಿನ್ ಪಾಸು," ಅಂದರು. "ಒಂದು ಗಂಟೆ ಎಲ್ಲೂ ನಿಲ್ಲಲಿಲ್ಲ. ಇನ್ನು ನೀವು ಒಂದು ಗಂಟೆ ಕೂತಲ್ಲಿಂದ ಏಳದೆ ಕೂತು ತೋರಿಸಿ, ಆಮೇಲೆ ಹತ್ತುವಿರಂತೆ."

ಮೇಷ್ಟ್ರಿಗೆ ರೋಷ ಬಂತು. ಎದೆ ಸೆಟೆಸಿಕೊಂಡು, ಅದೇನು ಮಹಾ, ಬೇಕಾದರೆ ಈಗಲೇ ಗಡಿಯಾರ ನೋಡಿಕೊಳ್ಳಿ ಅಂತ ಸ್ಟೂಲಿನ ಮೇಲೆ ಗಟ್ಟಿಯಾಗಿ ಕೂತರು. ಮೇಡಂ ಗಡಿಯಾರ ನೋಡಿದರು.

"ಒಂದ್ನಿಮಿಷ," ಅಂದರು ಮೇಷ್ಟ್ರು, ಏಳುತ್ತಾ. "ಬಂದ್ಮೇಲೆ ಶುರು ಮಾಡೋಣ."