ಮಾವನ ಮನೆಯ ಮೇಲ್ಮನೆ

ನಮ್ಮ ಸೋದರಮಾವನ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಆಗಬೇಕಿದ್ದರೂ ಎರಡು ಸದನಗಳ ಒಪ್ಪಿಗೆ ಬೇಕಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಆ ಎಣ್ಣೆಗಾಯಿಗಾಗಿ ಹಸಿದು ಕೂತವಳು ನಾನು, ನೀವಲ್ಲವಲ್ಲ!

ಮಾವ ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು. ಮಕ್ಕಳು ಪರೀಕ್ಷೆ ಮುಗಿದ ಮರುದಿನವೇ ಮರೆಯುವ ಸಂಸತ್ತನ್ನು ಈ ಮನುಷ್ಯ ಮನೆಗೆ ಹೊತ್ತು ತಂದರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಆ ಮನೆಯಲ್ಲಿ ಪಡಸಾಲೆಯೇ ಲೋಕಸಭೆ. ಮಾವ ಮತ್ತು ಅವರ ಮಗ ಅದರ ಸದಸ್ಯರು. ಅಡುಗೆಮನೆ ರಾಜ್ಯಸಭೆ, ಅಲ್ಲಿ ಅತ್ತೆ, ಮತ್ತು ಓದಲೆಂದು ಕಲಬುರಗಿಯಿಂದ ಬಂದು ಅಲ್ಲೇ ಉಳಿದ ನಾನು. ಸ್ಪೀಕರ್ ಯಾರು? ಮಾವ. ಹಣಕಾಸು ಮಂತ್ರಿ? ಅದೂ ಮಾವ! ರಾಷ್ಟ್ರಪತಿ ಎಂದರೆ ಗೋಡೆಯ ಮೇಲಿನ ಅವರ ಅಪ್ಪನ ಫೋಟೋ. ಅಂಕಿತ ಬೀಳುವುದು ಒಮ್ಮೆಯೂ ತಡವಾಗಲಿಲ್ಲ.

"ಲೋಕಸಭಾ ವಿಸರ್ಜನೆ ಆಗ್ತೈತಿ. ನಿಮ್ಮ ಮೇಲ್ಮನಿ ಮಾತ್ರ ಎಂದೂ ಆಗಂಗಿಲ್ಲ," ಎಂದು ಮಾವ ನಮ್ಮನ್ನು ಹೊಗಳುತ್ತಿದ್ದರು.

"ಒಲಿ ಆರಿದ್ರ ಆಗ್ತಿತ್ತೇನೋರಿ," ಎನ್ನುತ್ತಿದ್ದರು ಅತ್ತೆ, ರೊಟ್ಟಿ ಬಡಿಯುತ್ತಲೇ.

ಬೆಳಗಿನ ಚಹಾದ ಹೊತ್ತು ಪ್ರಶ್ನೋತ್ತರ ವೇಳೆ. "ಗ್ಯಾಸ್ ಬುಕ್ ಮಾಡೀರೇನ್ರಿ?" ಎಂದು ಅತ್ತೆ ಕೇಳಿದರೆ, ಮಾವ ಎದ್ದು ನಿಂತು, "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು" ಎನ್ನುತ್ತಿದ್ದರು. ಮಾಹಿತಿ ಬರುವ ತನಕ ದೇಶ ಹಸಿ ಅವಲಕ್ಕಿ ತಿನ್ನುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಸಂಸತ್ತಿನಲ್ಲೊಂದು ವಿಶೇಷವಿದೆ. ಸಾಮಾನ್ಯ ಮಸೂದೆಗೆ ಎರಡೂ ಸದನ ಒಪ್ಪಬೇಕು. ಹಣಕಾಸು ಮಸೂದೆಯಾದರೆ ಮೇಲ್ಮನೆ ಹದಿನಾಲ್ಕು ದಿನ ಇಟ್ಟುಕೊಂಡು ಸಲಹೆ ಕೊಡಬಹುದು, ಅಷ್ಟೇ. ಒಪ್ಪುವುದು ಬಿಡುವುದು ಕೆಳಮನೆಯ ಮರ್ಜಿ. ಯಾವುದು ಹಣಕಾಸು ಮಸೂದೆ ಎಂದು ಹೇಳುವವರು ಸ್ಪೀಕರ್. ಈಗ ನೀವೇ ಹೇಳಿ, ಸಂಸಾರದಲ್ಲಿ ಹಣ ಬೇಡದ ವಿಷಯ ಯಾವುದಿದೆ? ಅತ್ತೆ ತಂಗಿಯ ಊರಿಗೆ ಹೋಗುತ್ತೇನೆಂದರೆ, "ಬಸ್ ಚಾರ್ಜ್ ಐತಿ. ಹಣಕಾಸು ಮಸೂದಿ!" ನಾನು ಎಂ.ಎ. ಓದುತ್ತೇನೆಂದರೆ, "ಫೀ ಐತಿ. ಹಣಕಾಸು ಮಸೂದಿ!" ನನ್ನ ಓದು ಅಲ್ಲಿಗೇ ನಿಂತಿತು. ಈಗ ತಮಾಷೆಯಾಗಿ ಬರೆಯುತ್ತಿದ್ದೇನೆ, ಅಂದು ದಿಂಬಿನಲ್ಲಿ ಮುಖವಿಟ್ಟು ಅತ್ತಿದ್ದೆ.

ಆಮೇಲೆ ಬಂತು ಮನೆ ಮಾರುವ ಮಸೂದೆ. ಮಗನಿಗೆ ಆಫೀಸು ಹತ್ತಿರವಾಗಲೆಂದು ಊರಿನ ಇನ್ನೊಂದು ತುದಿಯ ಮಣಿಕೊಂಡದಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟ್. "ಹೌದು ಅನ್ನೋರು?" ಎಂದರು ಮಾವ. "ಹೌದು" ಎಂದ ಮಗ, ಮೊಬೈಲಿನಿಂದ ತಲೆಯೆತ್ತದೆ. "ಹೌದು ಅನ್ನೋರು ಗೆದ್ದಾರ!"

ಅತ್ತೆಗೆ ಆ ಮನೆ ಎಂದರೆ ಗಲ್ಲಿಯ ಕಡೆಗಿದ್ದ ಒಂದು ಕಿಟಕಿ. ಅದರ ಪಕ್ಕ ಅವರ ಹೊಲಿಗೆ ಮಷೀನು. ಬಜಾರಿಗೆ ಬಂದ ಹೆಂಗಸರೆಲ್ಲ ಕಿಟಕಿಯಲ್ಲಿ ರವಿಕೆ ಬಟ್ಟೆ ಕೊಟ್ಟು, ತೆಲುಗು, ಉರ್ದು, ಮರಾಠಿಯಲ್ಲಿ ಮನಸ್ಸಿನ ಭಾರ ಇಳಿಸಿ ಹೋಗುತ್ತಿದ್ದರು. ಅತ್ತೆ ನಗುತ್ತಿದ್ದುದು ಅಲ್ಲಿ ಮಾತ್ರ. ಹದಿನಾಲ್ಕು ದಿನ ಸುಮ್ಮನಿದ್ದು ಕೊನೆಗೆ ಹೇಳಿದರು: "ಮನಿ ಮಾರಬ್ಯಾಡ್ರಿ. ಅಷ್ಟ್ ಮ್ಯಾಲ ಜಂಪರ್ ಹೊಲಿಸಾಕ ಯಾರು ಬರ್ತಾರ?"

"ಮೇಲ್ಮನೆಯ ಶಿಫಾರಸು ಪರಿಶೀಲಿಸಲಾಯಿತು. ಒಪ್ಪಿಲ್ಲ," ಎಂದರು ಮಾವ. ಫೋಟೋ ಅಂಕಿತ ಹಾಕಿತು.

ಮಣಿಕೊಂಡಕ್ಕೆ ಯಾರೂ ಬರಲಿಲ್ಲ. ಬರುವುದು ಹೇಗೆ? ಕೆಳಗೆ ಕಾವಲುಗಾರ ಹೆಸರು, ಫೋನು, ಮನೆ ನಂಬರು ಕೇಳುತ್ತಾನೆ. ಒಂದು ಜಂಪರಿಗಾಗಿ ಅಷ್ಟೆಲ್ಲ ವಿಚಾರಣೆ ಯಾರಿಗೆ ಬೇಕು! ಮಷೀನು ಬಾಲ್ಕನಿಯಲ್ಲಿ ಹಳೆಯ ಚಾದರ ಹೊದ್ದು ಕೂತಿತು. ಅತ್ತೆ ಜಗಳವಾಡಲಿಲ್ಲ, ಮಾತು ಬಿಟ್ಟರು. ಬೆಳಗ್ಗೆ ಮಾವ "ಪ್ರಶ್ನೋತ್ತರ ವೇಳೆ!" ಎಂದರೆ ಕಪ್ಪು ಇಟ್ಟು ಒಳಗೆ ನಡೆಯುತ್ತಿದ್ದರು. ಮಗನ ಕಿವಿಯಲ್ಲಿ ಇಯರ್‌ಫೋನು. ಕೋರಂ ಇಲ್ಲವೆಂದು ಮಾವ ಚಮಚದಿಂದ ಬಸಿ ಬಾರಿಸುತ್ತಿದ್ದರು. ನಾನೂ ಹೋಗುತ್ತಿರಲಿಲ್ಲ. ಬಾರಿಸಲಿ ಮುದುಕ ಎಂದು ಒಳಗೊಳಗೇ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ?

ಓದು ನಿಂತ ಮೇಲೆ ನಾನು ಹಿಡಿದ ನೌಕರಿ ಇನ್ನೂ ಸುಲ್ತಾನ್ ಬಜಾರಿನಲ್ಲೇ. ಮೊನ್ನೆ ಸಂಜೆ ಕೆಲಸ ಮುಗಿಸಿ ಬರುವಾಗ ದಾರದ ಅಂಗಡಿಯ ಮುಂದೆ ಮಾವ ಕಂಡರು! ಹೆಗಲ ಚೀಲದ ತುಂಬ ಹೆಂಗಸರ ಜಂಪರ್ ಬಟ್ಟೆ. ಹಳೆಯ ಗಿರಾಕಿಗಳ ಮನೆಮನೆಗೆ ಹೋಗಿ ಕೇಳಿ ತಂದಿದ್ದರು. ಮಾವಿನಹಣ್ಣಿನ ಬಣ್ಣದ ರೇಷ್ಮೆ ತುಂಡೊಂದಕ್ಕೆ ದಾರದ ಉಂಡೆಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದರು.

"ಅನ್ನೀ ಒಕಟೇ ಕಲರ್ ಸಾರ್!" ಎಂದು ಅಂಗಡಿಯವನು ಬೇಸತ್ತು ಗೊಣಗಿದ.

"ಎಲ್ಲಾ ಒಂದ ಅಲ್ಲಪ್ಪ. ಬಣ್ಣ ಕೂಡಲಿಲ್ಲಂದ್ರ ಆಕಿ ಹೊಲಿಯಂಗಿಲ್ಲ."

ನನಗೆ ಚುಚ್ಚದೆ ಇರಲಾಗಲಿಲ್ಲ. "ಮಾವ, ಇದಕ್ಕ ಸದನದ ಒಪ್ಪಿಗಿ ಆಗೈತೇನ್ರಿ?"

ಮಾವ ನಗಲಿಲ್ಲ. "ಮನಿ ಹೊಳ್ಳಿ ಬರಂಗಿಲ್ಲವ್ವ. ಆಕಿ ನನ್ ಕೂಡ ಮಾತಾಡವಲ್ಲಳು," ಎಂದರು. ಆಮೇಲೆ ಎರಡು ಉಂಡೆಗಳನ್ನು ನನ್ನ ಮುಂದೆ ಹಿಡಿದರು. "ನನ್ ಕಣ್ಣಿಗೆ ತಿಳಿವಲ್ದು. ಯಾವುದು ಕೂಡ್ತೈತಿ, ನೀನ ಹೇಳು."

ಒಂದನ್ನು ತೋರಿಸಿದೆ. ಮರುಮಾತಿಲ್ಲದೆ ಅದನ್ನೇ ಕೊಂಡರು. ಚೀಲವನ್ನು ಎದೆಗವಚಿಕೊಂಡು ಮೆಟ್ರೋ ಮೆಟ್ಟಿಲು ಹತ್ತುತ್ತಿದ್ದ ಅವರ ತೋಳು ಹಿಡಿದೆ. ಸಿಟ್ಟು ಇನ್ನೂ ಇತ್ತು, ಈಗಲೂ ಇದೆ. ಆದರೆ ಮಣಿಕೊಂಡ ಬರುವ ತನಕ ಕೈ ಬಿಡಲು ಮನಸ್ಸಾಗಲಿಲ್ಲ.