ಹಾಜರಿದ್ದೂ ಗೈರುಹಾಜರಿ

ಶಿಸ್ತಿನ ಮನುಷ್ಯನಿಗೆ ವೈರಿಗಳು ಹೊರಗಿನಿಂದ ಬರಬೇಕಾಗಿಲ್ಲ. ಅವನೇ ಅವರನ್ನು ಸಾಲಾಗಿ ನಿಲ್ಲಿಸಿ, ನಂಬರು ಕೊಟ್ಟು ಸಾಕಿಕೊಂಡಿರುತ್ತಾನೆ. ಇದು ನನಗೆ ತಿಳಿದದ್ದು ಸೊಲ್ಲಾಪುರದ ಕನ್ನಡ ಶಾಲೆಯೊಂದರಲ್ಲಿ ಹೆಡ್‌ಮಾಸ್ತರಿಕೆ ಮುಗಿಸಿ, ಹ್ಯಾಮ್ ರೇಡಿಯೋದ ಹುಚ್ಚು ಹತ್ತಿಸಿಕೊಂಡ ಮೇಲೆ. ಮೊಬೈಲು ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ನಾನು ಪರೀಕ್ಷೆ ಪಾಸಾಗಿ, ಲೈಸೆನ್ಸು ಪಡೆದು, ಕೈಯಲ್ಲಿ ಹಿಡಿಯುವ ಒಂದು ರೇಡಿಯೋ ತಂದೆ. ಅದು ಪೊಲೀಸರ ವಾಕಿಟಾಕಿಯಂತೆಯೇ ಕಾಣುತ್ತಿದ್ದುದರಿಂದ ಓಣಿಯ ಜನ ನನ್ನೆದುರು ಕೆಲವು ದಿನ ಮೆಲ್ಲಗೆ ಮಾತಾಡಿದರು. ಆದರೆ ಅದರ ಶಕ್ತಿ ಬಹಳ ಸಣ್ಣದು. ನನ್ನ ದನಿ ನಾಲ್ಕು ಓಣಿ ದಾಟಿದರೆ ಹೆಚ್ಚು. ಅದಕ್ಕಾಗಿ ಊರಿನ ಒಂದು ಎತ್ತರದ ಕಟ್ಟಡದ ಮೇಲೆ ರಿಪೀಟರ್ ಎಂಬ ಯಂತ್ರವಿತ್ತು. ಅದು ಒಂದು ತರಂಗದಲ್ಲಿ ನಮ್ಮ ಮಾತು ಕೇಳಿಸಿಕೊಂಡು, ಆ ಕ್ಷಣವೇ ಇನ್ನೊಂದು ತರಂಗದಲ್ಲಿ ದುಧನಿಯವರೆಗೂ ಸಾರಿಬಿಡುತ್ತಿತ್ತು.

ಈ ಹುಚ್ಚಿನವರು ನಾವು ಹನ್ನೆರಡು ಜನ. ಹನ್ನೆರಡು ಜನ ಒಂದೆಡೆ ಸೇರಿದರೆ ಹಾಜರಿ ಪುಸ್ತಕವಿಲ್ಲದೆ ನನಗೆ ಉಸಿರು ಕಟ್ಟುತ್ತದೆ. ದಿನಾ ಬೆಳಿಗ್ಗೆ ಏಳಕ್ಕೆ ರೇಡಿಯೋದಲ್ಲಿ ಹಾಜರಿ ಎಂದು ಗೊತ್ತುಮಾಡಿದೆ. ನಿಯಮಗಳನ್ನೂ ನಾನೇ ಬರೆದೆ. ಹೆಸರು ಎರಡು ಸಲ ಕರೆಯುವುದು, ಉತ್ತರವಿಲ್ಲದಿದ್ದರೆ ಗೈರುಹಾಜರಿ. ರಜಾಚೀಟಿಯಿಲ್ಲದೆ ಏಳು ದಿನ ಗೈರಾದರೆ ಹೆಸರು ಕಾಟು, ಎಂದರೆ ಪಟ್ಟಿಯಿಂದ ಹೊಡೆದುಹಾಕುವುದು. ಹಾಜರಿಯ ನಡುವೆ, ಹೆಸರು ಕರೆಸಿಕೊಂಡವನನ್ನು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಕೂಡದು. ಈ ಕೊನೆಯದನ್ನು ಚಾದರದ ವ್ಯಾಪಾರಿ ಚನ್ನಬಸಪ್ಪನಿಗಾಗಿಯೇ ಮಾಡಿದ್ದೆ. ನಮ್ಮ ಮನೆಯಿಂದ ಎರಡು ಓಣಿ ಆಚೆಗಿರುವ ಈತ ನಡುನಡುವೆ ಹವಾಮಾನ ಹೇಳುತ್ತಿದ್ದ. ಹಾಜರಿ ಕೂಗುವ ಕೆಲಸ ಅಕ್ಕಲಕೋಟೆಯ ಗಡಿಯಾರ ರಿಪೇರಿಯ ಶಿವಲಿಂಗಪ್ಪನದು. ಪಟ್ಟಿಯಲ್ಲಿ ನಂಬರು ಒಂದು ನಾನು.

ಒಂದು ಸೋಮವಾರ ಶಿವಲಿಂಗಪ್ಪ ನನ್ನನ್ನು ಕರೆದ. ಗುಂಡಿ ಒತ್ತಿ "ಹಾಜರ" ಎಂದೆ. ಮತ್ತೆ ಕರೆದ. ಮತ್ತೆ, ಇನ್ನೂ ಗಟ್ಟಿಯಾಗಿ ಎಂದೆ. "ನಮ್ಮ ಸರ ಗೈರಹಾಜರ" ಎಂದವನೇ ಪಟ್ಟಿಯಲ್ಲಿ ಮುಂದಿನವನಾದ ವಾಗದರಿ ಊರಿನವನನ್ನು ಕರೆದ. ನನ್ನ ಮದುವೆಯ ಮರುದಿನವೂ ಮೊದಲ ಗಂಟೆಗೆ ತರಗತಿಯಲ್ಲಿದ್ದವನು ನಾನು! ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ರೇಡಿಯೋ ಹಿಡಿದು ನಿಂತೇ ಗೈರುಹಾಜರಾದೆ.

ಮಂಗಳವಾರ ಮಾಳಿಗೆ ಏರಿದೆ. ಬುಧವಾರ ನೀರಿನ ಟಾಕಿ ಏರಿದೆ. ನನ್ನಾಕೆ ಕೆಳಗಿನಿಂದ, "ಅಲ್ರೀ, ಹಿಂಗ ಒದರೂದಿದ್ರ ರೇಡಿಯೋ ಯಾಕ ಬೇಕ್ರಿ? ಅಕ್ಕಲಕೋಟಿಗಿ ಹಂಗ ಕೇಳಸ್ತದ" ಎಂದಳು. ಕೇಳಿಸಲಿಲ್ಲ. ಮೊದಲೆಲ್ಲ ನಾನು ಗುಂಡಿ ಬಿಟ್ಟೊಡನೆ ರಿಪೀಟರು ಟಕ್ ಎನ್ನುತ್ತಿತ್ತು. ಈಗ ಅದೂ ಇಲ್ಲ. ಎಲ್ಲರ ದನಿಯೂ ನನಗೆ ಸ್ವಚ್ಛವಾಗಿ ಕೇಳಿಸುತ್ತಿತ್ತು. ಸತ್ತವನು ಮನೆಯವರ ಮಾತು ಕೇಳುತ್ತ ಕುಳಿತರೆ ಹೀಗೇ ಇರಬೇಕು.

ಶನಿವಾರ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋದೆ. ಶಿವಲಿಂಗಪ್ಪ ಕಣ್ಣಿನ ಭೂತಗನ್ನಡಿ ತೆಗೆದು, "ಸರ! ಜಡ್ಡ ಬಿದ್ದೀರೇನೊ ಅಂತ ಮಾಡಿದ್ದೆರಿ" ಎಂದ. ನಾನು ಓಣಿಯ ತುದಿಗೆ ನಡೆದು, ಗುಂಡಿ ಒತ್ತಿ "ಹಾಜರ" ಎಂದೆ. ಅಂಗಡಿಯೊಳಗಿನ ಅವನ ರೇಡಿಯೋದಲ್ಲಿ ಗಂಟೆ ಹೊಡೆದಂತೆ ಕೇಳಿಸಿತಂತೆ.

"ನಿಮ್ಮ ರೇಡಿಯೋ ಏಕದಮ್ ಬರೋಬರ ಅದರಿ, ಸರ."

"ಹಂಗಾರ ಇವತ್ತಿಂದು ಹಾಜರಿ ಹಾಕು."

"ಅದು ಏಳಕ್ಕ ಮುಗದದರಿ. ಕಾಯ್ದೆ ನಿಮ್ಮದ ಅದ. ಒಂದ್ ರಜಾಚೀಟಿ ಬರದು ಕೊಡ್ರಿ, ಎಲ್ಲಾ ಬಗಿಹರೀತದ."

ರಜಾಚೀಟಿ! ಆರು ದಿನವೂ ಹಾಜರಿದ್ದವನು ರಜೆ ಬೇಡುವುದೇ? ಅವನು ಕೊಟ್ಟ ಚಹಾವನ್ನೂ ಅರ್ಧಕ್ಕೆ ಬಿಟ್ಟು ಬಂದೆ. ಭಾನುವಾರ ಶಿವಲಿಂಗಪ್ಪ ನನ್ನನ್ನು ಎರಡು ಸಲ ಕರೆದು, "ನಂಬರ ಒಂದು, ಕಾಟು" ಎಂದ. ನಾನು ಟಾಕಿಯ ಏಣಿಯ ಮೇಲೆಯೇ ಕುಳಿತುಬಿಟ್ಟೆ.

ಸಂಜೆ ಚನ್ನಬಸಪ್ಪ ಮನೆಗೆ ಬಂದ. "ಗುರುಗಳ, ಏಳು ದಿನಾನೂ ನೀವು ಹಾಜರ ಅಂದದ್ದು ನನಗ ಕೇಳಸೇದರಿ. ರಿಪೀಟರದಾಗ ಅಲ್ಲ, ಸೀದಾ" ಎಂದು ನನ್ನ ರೇಡಿಯೋ ಇಸಿದುಕೊಂಡು, ಪರದೆಯ ಮೂಲೆಗೆ ಬೆರಳಿಟ್ಟ. "ಇಲ್ಲಿ ಮೈನಸ್ ಗೆರಿ ಇರಬೇಕಲ್ರಿ? ಎಲ್ಲಿ ಹೋತು?"

ಆ ಗೆರೆಯಿದ್ದರೆ ಮಾತ್ರ ನಮ್ಮ ಮಾತು ರಿಪೀಟರು ಕೇಳುವ ತರಂಗಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಸರಿಯಾಗಿಯೇ ಉತ್ತರಿಸಿದ್ದೆ. ಏಳು ದಿನವೂ ನಾನು ಅದರ ಕಿವಿಗೆ ಹೇಳುವುದನ್ನು ಬಿಟ್ಟು ಬಾಯಿಗೆ ಹೇಳಿದ್ದೆ, ಹತ್ತಿರವಿದ್ದವರಿಗಷ್ಟೇ ಕೇಳಿಸಿತ್ತು. ಹಿಂದಿನ ಭಾನುವಾರ ನೆನಪಾಯಿತು. ಭಾನುವಾರ ನಾನು ಕನ್ನಡಕವನ್ನೂ ರೇಡಿಯೋವನ್ನೂ ಒರೆಸುವ ದಿನ. ಕನ್ನಡಕ ಸಾಬೂನು ನೀರಿನಲ್ಲಿತ್ತು. ಬರಿಗಣ್ಣಿಗೆ ಪರದೆಯ ಮೇಲೊಂದು ಕೊಳೆ ಕಂಡಿತು. ಬಟ್ಟೆಯಿಂದ ಗುಂಡಿಗಳ ಸಮೇತ ತಿಕ್ಕಿದೆ, ತಿಕ್ಕಿದೆ, ಕೊನೆಗೆ ಹೋಯಿತು. ಸಂತೋಷಪಟ್ಟು, ಬೇರೆಯವರು ಮುಟ್ಟಿ ಕೆಡಿಸಬಾರದೆಂದು ಗುಂಡಿಗಳಿಗೆ ಲಾಕ್ ಹಾಕಿದ್ದೆ.

"ಮತ್ತ ಏಳು ದಿನ ಯಾಕ ಬಾಯಿ ಮುಚಗೊಂಡು ಕೂತಿದ್ದಿ?" ಎಂದು ಗದರಿದೆ.

"ಏನೋ ಪ್ರಯೋಗ ನಡಸೀರಿ ಅಂದ್ಕೊಂಡೆ. ನಡುವ ಹೇಳೂಣಂದ್ರ, ಬಾಯಿ ತೆರಿಬಾರದು ಅಂತ ಬರದವ್ರು ಯಾರ್ರೀ?"

ಈಗ ನಾನು ಪಟ್ಟಿಯ ತಳದಲ್ಲಿ, ಹೊಸಬನಾಗಿದ್ದೇನೆ. ನಿಯಮಗಳಿಗೆ ಒಂದು ತಿದ್ದುಪಡಿ ಬರೆದಿಟ್ಟಿದ್ದೇನೆ. ಆದರೆ ಒಂದು ತಿಂಗಳು ತಪ್ಪದೆ ಹಾಜರಿದ್ದವರಷ್ಟೇ ತಿದ್ದುಪಡಿ ಮಂಡಿಸಬಹುದೆಂದು ಪುಸ್ತಕದ ಮೊದಲ ಪುಟದಲ್ಲಿಯೇ ಇದೆ. ಅಕ್ಷರ ದುಂಡಾಗಿದೆ, ಒಂದೂ ಕಾಟಿಲ್ಲ. ಕೆಳಗೆ ನನ್ನದೇ ರುಜು.